ವೈದ್ಯನ ನೇಮ

“ಗುರುಗಳೇ, ಬಸಿರು ಇಳಿಸುವ ಮದ್ದನ್ನು ನನ್ನ ಕೈಯಾರೆ ಕೊಡಲಾರೆ. ಬೇಡಿ ಬಂದವರಿಗೆ ಆಗದು ಎಂದರೆ ತಪ್ಪೇ?” ಎಂದು ಶಿಷ್ಯ ಕೇಳಿದ. ಅವನ ಹೆಸರು ಸಂಗಣ್ಣ. ವೈದ್ಯವಿದ್ಯೆ ಕಲಿತು ಊರಲ್ಲಿ ನೆಲೆ ನಿಂತು ಇನ್ನೂ ವರ್ಷ ತುಂಬಿರಲಿಲ್ಲ. ಈ ಪ್ರಶ್ನೆ ಕೆಲವು ದಿನಗಳಿಂದ ಅವನನ್ನು ಕೊರೆಯುತ್ತಿತ್ತು.

ಗುರುಗಳು ಗೋಡೆಗೆ ಒರಗಿದರು. ಪ್ರಶ್ನೆ ತಂದವನಿಗೆ ಮರುಪ್ರಶ್ನೆ ಹಾಕುವುದೆಂದರೆ ಅವರಿಗೆ ಹಬ್ಬದೂಟ.

“ಒಂದು ಕತೆ ಹೇಳುತ್ತೇನೆ. ಏನಾಯಿತೆಂದು ನೀನೇ ಊಹಿಸಬೇಕು. ಒಬ್ಬ ವೈದ್ಯನಿದ್ದ, ಅವನಿಗೂ ನಿನ್ನದೇ ನೇಮ. ಅದೇ ಊರಲ್ಲಿ ಇನ್ನೊಬ್ಬ ವೈದ್ಯನಿದ್ದ, ಅವನಿಗೆ ಆ ನೇಮವಿರಲಿಲ್ಲ. ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಹಿಂದೆ ಯಾರದೋ ಮದುವೆಯ ಪಂಕ್ತಿಯಲ್ಲಿ ಯಾರ ಎಲೆ ಮೊದಲು ಎಂದು ಜಗಳವಾಗಿತ್ತಂತೆ. ಅಂದಿನಿಂದ ಒಬ್ಬನ ಬೀದಿಗೆ ಇನ್ನೊಬ್ಬ ಕಾಲಿಡುತ್ತಿರಲಿಲ್ಲ. ಹೀಗಿರುವಾಗ ನೇಮದ ವೈದ್ಯನ ಬಳಿ ಒಬ್ಬ ಹೆಂಗಸು ಬಂದಳು. ಹಿಂದಿನ ಹೆರಿಗೆಯಲ್ಲೇ ಸತ್ತು ಬದುಕಿದವಳು, ಈಗ ಮತ್ತೆ ಬಸುರಿ. ಬಸಿರು ಉಳಿದರೆ ಈಕೆ ಉಳಿಯುವುದಿಲ್ಲ ಎಂದು ನಾಡಿ ಹಿಡಿದ ಕೂಡಲೇ ಅವನಿಗೆ ತಿಳಿಯಿತು. ‘ಮನೆಯಲ್ಲಿ ಎರಡು ಕೂಸುಗಳಿವೆ ಅಣ್ಣಾ’ ಎಂದಳು. ಹೇಳು ನೋಡೋಣ, ವೈದ್ಯ ಏನು ಮಾಡಿದ?”

“ನೇಮ ಮುರಿದು ಮದ್ದು ಕೊಟ್ಟಿರಬೇಕು.”

“ಕೊಡಲಿಲ್ಲ.”

“ಹಾಗಾದರೆ ಆಗದೆಂದು ಕಳುಹಿಸಿರಬೇಕು.” ಇದನ್ನು ಹೇಳುವಾಗ ಸಂಗಣ್ಣನ ದನಿ ತಗ್ಗಿತು.

“ಕಳುಹಿಸಲೂ ಇಲ್ಲ.”

ಇವೆರಡನ್ನು ಬಿಟ್ಟು ಮೂರನೆಯದೇನಿದೆ? ಸಂಗಣ್ಣ ಮುಂದೆ ಸರಿದು ಕುಳಿತ.

“ಶಲ್ಯ ಹೊದ್ದ. ಆಕೆಯನ್ನು ಕರೆದುಕೊಂಡು, ನಡುಹಗಲಲ್ಲಿ, ಊರೆಲ್ಲ ನೋಡುತ್ತಿರುವಾಗ, ಆ ಇನ್ನೊಬ್ಬ ವೈದ್ಯನ ಮನೆಗೆ ನಡೆದ. ಆತ ಬಾಗಿಲಲ್ಲೇ ನಿಂತು, ‘ಏನಯ್ಯಾ, ದಾರಿ ತಪ್ಪಿತೇ? ನಿನ್ನ ನೇಮ ಎಲ್ಲಿ ಬಿಟ್ಟು ಬಂದೆ?’ ಎಂದು ಚುಚ್ಚಿದ. ‘ಬಿಟ್ಟಿಲ್ಲಪ್ಪ, ಅದು ಇರುವುದಕ್ಕೇ ನಿನ್ನ ಮೆಟ್ಟಿಲು ಹತ್ತಿದ್ದು. ಮೊದಲು ಈಕೆಯನ್ನು ನೋಡು, ಆಮೇಲೆ ನನ್ನನ್ನು ಬೈಯುವೆಯಂತೆ’ ಎಂದ ಇವನು. ಮದ್ದು ಆತ ಕೊಟ್ಟ, ಪಥ್ಯದ ಗಂಜಿ ಇವನ ಮನೆಯಿಂದ ಹೋಯಿತು. ಹೆಂಗಸಿನ ಜೀವ ಉಳಿಯಿತು.”

ಸಂಗಣ್ಣನ ಮನಸ್ಸು ಹಗುರಾಯಿತು. ನಗುತ್ತಾ, “ಎಂಥ ಮನುಷ್ಯ! ಇದು ಎಷ್ಟು ಹಳೆಯ ಕತೆ ಗುರುಗಳೇ?” ಎಂದ.

“ನೀನು ಆಗದೆಂದಾಗ ಆಕೆ ನಿನ್ನ ಮನೆಯಿಂದ ಅತ್ತುಕೊಂಡು ಹೊರಟಳಲ್ಲ, ಅದಾದ ಮೇಲೆ ಪಕ್ಕದೂರಲ್ಲಿ ನಡೆದದ್ದು, ಹೋದ ಗುರುವಾರ, ಮಾಘ ಬಹುಳ ತದಿಗೆ.”