ನೂಲಿ ತಿಂದ ಸರ್ಟಿಫಿಕೇಟು

ಹುಡುಗರು ನೆಟ್‌ವರ್ಕಿಂಗ್ ಪರೀಕ್ಷೆಗೆ ಓದುವ ಕೋಣೆಯ ಮೇಲ್ಮೂಲೆಯಲ್ಲಿ ಜೇಡಗಳಿಗೂ ಒಂದು ಪರೀಕ್ಷೆಯಿತ್ತು. ಗುರುಜೇಡರ ಬಲೆಯ ನಡುವೆ ಕೂತು, ಕಾಲಿಗೆ ತಾಗುವ ನಡುಕದಿಂದಲೇ ನೊಣ ಯಾವ ಎಳೆಗೆ ಸಿಕ್ಕಿದೆಯೆಂದು ಹೇಳಬೇಕು. ಮರಿಜೇಡ ನೂಲಿ ಕೆಳಗಿನ ಹುಡುಗರು ಹಳೆಯ ಪ್ರಶ್ನೋತ್ತರ ಬಾಯಿಪಾಠ ಮಾಡುವುದನ್ನು ನೋಡಿ ಕಲಿತವಳು. ಹಿಂದೆ ಪಾಸಾದವರನ್ನು ಕಾಡಿಬೇಡಿ ಉತ್ತರವನ್ನು ಉರು ಹೊಡೆದಳು. ಗುರುಜೇಡರು ಪ್ರತಿ ವರ್ಷವೂ ನೊಣವನ್ನು ಅದೇ ಎಳೆಗೆ ಸಿಕ್ಕಿಸುತ್ತಿದ್ದರು.

"ಮೂಡಣದ ಮೇಲಿನ ಎಳೆ" ಎಂದಳು ನೂಲಿ. ಪಾಸಾದಳು. ನೂಲಿನಲ್ಲಿ ನೇಯ್ದ ಸರ್ಟಿಫಿಕೇಟು ಕೈಸೇರಿತು.

ಸ್ವಂತ ಬಲೆ ಕಟ್ಟಿ ಸರ್ಟಿಫಿಕೇಟನ್ನು ಅದರ ನಟ್ಟನಡುವೆ ತೂಗುಹಾಕಿದಳು. ನೊಣ ಬಿತ್ತು. ನೂಲಿ ಮೂಡಣಕ್ಕೆ ಓಡಿದಳು. ನೊಣ ಪಡುವಣದಿಂದ ಬಿಡಿಸಿಕೊಂಡು ಹಾರಿತು. ಮತ್ತೊಂದು ಬಿತ್ತು, ಅದೂ ಹಾರಿತು. ಹೊಟ್ಟೆ ತಾಳ ಹಾಕತೊಡಗಿದಾಗ ಗುರುಗಳ ಬಳಿ ಹೋದಳು.

"ಗುರುಗಳೇ, ನೀವು ಕೊಟ್ಟ ಸರ್ಟಿಫಿಕೇಟು ಸುಳ್ಳೇ?"

"ಸುಳ್ಳಲ್ಲ ಮಗಳೇ. ನನ್ನ ಬಲೆಯಲ್ಲಿ ನೊಣ ಎಲ್ಲಿತ್ತೆಂದು ಸರಿಯಾಗಿಯೇ ಹೇಳಿದೆ. ನಿನ್ನ ಬಲೆಯಲ್ಲಿ ಎಲ್ಲಿದೆಯೆಂದು ನಿನ್ನ ಕಾಲನ್ನು ಕೇಳಿದೆಯಾ?"

ನೂಲಿ ತನ್ನ ಬಲೆಗೆ ಮರಳಿದಳು. ಹಳೆಯ ನೂಲನ್ನು ತಿಂದು ಹೊಸ ನೂಲು ತೆಗೆಯುವುದು ಜೇಡಗಳ ವಾಡಿಕೆ. ಅವಳು ಸರ್ಟಿಫಿಕೇಟನ್ನು ತಿಂದಳು. ಅದರಿಂದ ಒಂದೇ ಒಂದು ಎಳೆ ತೆಗೆದು ಬಿಗಿದಳು. ಅದರ ಮೇಲೆ ಕಾಲಿಟ್ಟು, ಅದು ಏನು ಹೇಳುತ್ತದೋ ಎಂದು ಕಾಯುತ್ತ ಕೂತಳು.