ಗಡಿಕಲ್ಲು ಮತ್ತು ಎರಡು ಕೋನ

ತಿಪ್ಪೇಶ ಭೂಮಾಪನದ ಕೆಲಸ ಕಲಿಯುತ್ತಿದ್ದ. ಅವನ ಗುರುಗಳು ರುದ್ರಮುನಿ ಮೇಷ್ಟ್ರು, ನಲವತ್ತು ವರ್ಷ ಊರೂರಿನ ಹೊಲ ಅಳೆದವರು. ಶಿಷ್ಯನಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಅದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಮೇಷ್ಟ್ರಿಗೆ ಮೊಣಕಾಲು ನೋವು. ಓಬಳೇಶಪ್ಪ ಎಂಬ ರೈತನ ಹೊಲ ಅಳೆಯಲು ತಿಪ್ಪೇಶ ಒಬ್ಬನೇ ಹೋದ. ಅದು ಮೂರು ಮೂಲೆಯ ಹೊಲ. ಎರಡು ಮೂಲೆಯ ಗಡಿಕಲ್ಲು ಕಣ್ಣೆದುರಿಗೇ ಇದ್ದವು, ಮೂರನೆಯದು ಕಾಣೆ. ಹಳೆಯ ಅಳತೆ ಪುಸ್ತಕ ಬಿಚ್ಚಿದರೆ, ಮೊದಲ ಕಲ್ಲಿನಿಂದ ಮೂರನೆಯದು ಎಷ್ಟು ದೂರ ಎಂದು ಬರೆದಿದ್ದ ಜಾಗಕ್ಕೇ ಗೆದ್ದಲು ಬಾಯಿ ಹಾಕಿತ್ತು. ಉಳಿದದ್ದು ಇಷ್ಟು: ಮೊದಲ ಕಲ್ಲಿನಿಂದ ಎರಡನೆಯದಕ್ಕೆ ನೂರು ಮೀಟರ್, ಮೊದಲ ಕಲ್ಲಿನ ಬಳಿ ಕೋನ ಮೂವತ್ತು ಡಿಗ್ರಿ, ಎರಡನೆಯದರಿಂದ ಮೂರನೆಯದಕ್ಕೆ ಅರವತ್ತು ಮೀಟರ್.

ಇಷ್ಟಿದ್ದರೆ ಧಾರಾಳವಾಯಿತು ಎಂದುಕೊಂಡ ತಿಪ್ಪೇಶ. ಮೂರನೇ ಮೂಲೆಯ ಕೋನದ ಸೈನ್ ಬೆಲೆ ಕಂಡುಹಿಡಿದ. ಆ ಬೆಲೆಯಿಂದ ಕೋನಕ್ಕೆ ಹಿಂದಿರುಗಲು ಕ್ಯಾಲ್ಕುಲೇಟರಿನಲ್ಲಿ ಸೈನ್ ಇನ್‌ವರ್ಸ್ ಒತ್ತಿದ. ಐವತ್ತಾರು ಡಿಗ್ರಿ ಚಿಲ್ಲರೆ ಬಂತು. ಅದನ್ನು ಹಿಡಿದು ಅಳೆಯುತ್ತ ಹೋದರೆ ಗುರುತು ಬಿದ್ದದ್ದು ಪಕ್ಕದ ಬೋರಮ್ಮನ ಶೇಂಗಾ ಹೊಲದ ನಡುವೆ. ಬಳ್ಳಿ ಕಿತ್ತು ಅಗೆದರು. ಕಲ್ಲಿರಲಿಲ್ಲ.

ಓಬಳೇಶಪ್ಪನಿಗೆ ಅಷ್ಟು ಸಾಕಾಯಿತು. ಈ ಹೆಂಗಸು ಕಲ್ಲು ಕಿತ್ತೆಸೆದು ತನ್ನ ಹೊಲ ನುಂಗಿದ್ದಾಳೆ, ಇವತ್ತೇ ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಕೂಗಾಡಿದ. ಅತ್ತೆ ಮಾವನ ಕಾಲದಿಂದ ಇದೇ ಬದುವಿನ ತನಕ ಉತ್ತಿದ್ದೇವೆ ಎಂದಳು ಬೋರಮ್ಮ. ಯಾರೂ ಕೇಳಲಿಲ್ಲ. ಕೊನೆಗೆ ತಿಪ್ಪೇಶನ ಕಡೆ ತಿರುಗಿದಳು.

"ನಾನು ಕಲ್ಲು ಮುಟ್ಟಿಲ್ಲ ಕಣಪ್ಪ. ಓದಿದೋನು ನೀನು, ನೀನಾದ್ರೂ ಹೇಳು."

ತಿಪ್ಪೇಶನಿಗೆ ಅಯ್ಯೋ ಅನ್ನಿಸಿತು. ಆದರೆ ಲೆಕ್ಕ ಸುಳ್ಳು ಹೇಳುತ್ತದೆಯೇ? 'ಕಲ್ಲನ್ನು ಕಿತ್ತಿರುವಂತೆ ಕಾಣುತ್ತದೆ' ಎಂದು ವರದಿ ಬರೆದು, ರುಜು ಹಾಕಿಸಲು ಮೇಷ್ಟ್ರ ಮನೆಗೆ ಹೋದ.

ಮೇಷ್ಟ್ರು ವರದಿಯನ್ನು ಎರಡು ಸಲ ಓದಿದರು. ಪೆನ್ನು ತೆಗೆಯಲಿಲ್ಲ, ಚಪ್ಪಲಿ ಮೆಟ್ಟಿದರು. ನೆಲ ನೋಡದೆ ರುಜು ಹಾಕುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಆಟೋ ಹಿಡಿದು, ಕುಂಟುತ್ತಲೇ ಹೊಲಕ್ಕೆ ಬಂದರು.

ಮೊದಲ ಕಲ್ಲಿನಿಂದ ಮೂವತ್ತು ಡಿಗ್ರಿಗೆ ಸರಿಯಾಗಿ ಉದ್ದಕ್ಕೆ ದಾರ ಎಳೆಸಿದರು. ಅರವತ್ತು ಮೀಟರ್ ಹಗ್ಗದ ಒಂದು ತುದಿಯನ್ನು ಎರಡನೇ ಕಲ್ಲಿಗೆ ಕಟ್ಟಿ, ಇನ್ನೊಂದನ್ನು ತಿಪ್ಪೇಶನ ಕೈಗೆ ಕೊಟ್ಟು, ಬಿಗಿ ಹಿಡಿದು ಸುತ್ತಿ ಬಾ ಎಂದರು. ಶೇಂಗಾ ಹೊಲದಲ್ಲಿ ಅಗೆದ ಗುಂಡಿಯ ಹತ್ತಿರ ಹಗ್ಗ ದಾರವನ್ನು ಮುಟ್ಟಿತು. ತಿಪ್ಪೇಶ ನಿಂತ.

"ಯಾಕೆ ನಿಂತೆ? ನಡಿ," ಎಂದರು ಮೇಷ್ಟ್ರು.

ನಡೆದ. ಇನ್ನಷ್ಟು ದೂರ ಸುತ್ತಿದ ಮೇಲೆ, ಬೋರಮ್ಮನ ಬದುವಿನ ಲಂಟಾನದ ಪೊದೆಯ ಹತ್ತಿರ ಹಗ್ಗ ಅದೇ ದಾರವನ್ನು ಇನ್ನೊಮ್ಮೆ ಮುಟ್ಟಿತು. ತಿಪ್ಪೇಶ ಮತ್ತೆ ನಿಂತ.

"ಐವತ್ತಾರು ಡಿಗ್ರಿಯ ಸೈನ್ ಬೆಲೆ ಇನ್ಯಾವ ಕೋನಕ್ಕಿದೆ?" ಎಂದು ಕೇಳಿದರು ಮೇಷ್ಟ್ರು.

"ಅದನ್ನ ನೂರೆಂಬತ್ತರಿಂದ ಕಳೆದ್ರೆ ಬರೋದಕ್ಕೆ, ಸರ್. ನೂರಿಪ್ಪತ್ನಾಲ್ಕಕ್ಕೆ." ತಿಪ್ಪೇಶ ಹಗ್ಗ ಕೆಳಗಿಟ್ಟ. "ಕ್ಯಾಲ್ಕುಲೇಟರ್ ತೊಂಬತ್ತು ದಾಟಿದ್ದನ್ನ ಹೇಳಲ್ಲ. ಪರೀಕ್ಷೇಲಿ ಬರೆದಿದ್ದೆ."

"ಅದು ತನ್ನ ನಿಯಮದ ಪ್ರಕಾರ ಒಂದೇ ಹೇಳ್ತು, ತಪ್ಪಲ್ಲ. ಇನ್ನೊಂದನ್ನ ಹುಡುಕೋದು ನಿನ್ನ ಕೆಲಸ ಆಗಿತ್ತು."

ಪೊದೆ ಸವರಿದರು. ಒಂದು ಮೊಳ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಹೂತುಹೋಗಿದ್ದ ಗಡಿಕಲ್ಲು, ನೆತ್ತಿಯ ಮೇಲಿನ ಗುರುತಿನ ಸಮೇತ, ಇದ್ದಲ್ಲೇ ಇತ್ತು. ಕೆಡಿಸಿದ ಶೇಂಗಾ ಬಳ್ಳಿಗಳನ್ನು ಓಬಳೇಶಪ್ಪ ನೋಡುತ್ತ ನಿಂತ. ದೂರಿನ ಸುದ್ದಿ ಮತ್ತೆ ಎತ್ತಲಿಲ್ಲ.

ತಿಪ್ಪೇಶ ವರದಿಯನ್ನು ಹರಿದು ಹಾಕಿದ. ಅವನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಜೀವ ಹಗುರವಾಯಿತು. ಒಂದು ರುಜು ಬಿದ್ದಿದ್ದರೆ ಈ ಹೆಂಗಸು ಬದುಕಿರುವವರೆಗೂ ಕಳ್ಳಿ ಅನ್ನಿಸಿಕೊಳ್ಳಬೇಕಿತ್ತು. ಬೋರಮ್ಮನ ಹತ್ತಿರ ಹೋಗಿ, ತಪ್ಪಾಯ್ತಮ್ಮ ಎಂದ.

ಬೋರಮ್ಮ ಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿ, ಅದರ ಮೇಲೇ ಕೂತುಬಿಟ್ಟಳು.

"ಆಗ್ಲಿ ಬಿಡಪ್ಪ," ಎಂದಳು. "ಬೆಳಗ್ಗಿಂದ ಕಾಲು ನಡುಗ್ತಾ ಐತೆ. ಒಂದ್ ಗಳಿಗೆ ಇಲ್ಲೇ ಕೂತಿರ್ತೀನಿ."

ನೀತಿ: ನಮಗೆ ಸಿಕ್ಕ ಉತ್ತರ ಸರಿಯೇ ಇರಬಹುದು, ಆದರೆ ಅದೊಂದೇ ಉತ್ತರ ಅಂತಿಲ್ಲ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ಎರಡನೇ ಉತ್ತರವನ್ನೂ ಹುಡುಕಿ ನೋಡಬೇಕು.