ಅಧ್ಯಕ್ಷರಿಗೆ ಬಂದ ನಕ್ಷತ್ರ

ಬಿಜಾಪುರದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಮಹಾನಂದಾ ಎಂಬ ಗಣಿತದ ಟೀಚರ್ ಇದ್ದರು. ತರಗತಿಯ ಸ್ಮಾರ್ಟ್ ಬೋರ್ಡಿನಲ್ಲಿ ಅವರದೇ ಒಂದು ಪದ್ಧತಿ. ಉತ್ತರ ತಪ್ಪಿದರೂ ಮತ್ತೆ ಪ್ರಯತ್ನಿಸಿದ ಮಗುವಿನ ಹೆಸರಿನ ಮುಂದೆ ನಕ್ಷತ್ರ ಮೂಡುತ್ತಿತ್ತು. ತರಗತಿಯಲ್ಲಿ ಬಾಯಿಯೇ ಬಿಡದ ಹಸೀನಾ ಎಂಬ ಹುಡುಗಿ ಕೂಡ ಆ ನಕ್ಷತ್ರದ ಆಸೆಗೆ ಬೋರ್ಡಿನ ತನಕ ಬರತೊಡಗಿದ್ದಳು.

ಒಂದು ದಿನ ಶಾಲೆಯ ಅಧ್ಯಕ್ಷರಾದ ಚನ್ನಪ್ಪಗೌಡರು ಇದನ್ನು ನೋಡಿ ಸಿಡಿದರು. "ತಪ್ಪು ಮಾಡಿದವರಿಗೆ ನಕ್ಷತ್ರ ಏನ್ರೀ? ನಾಳಿಂದ ತಪ್ಪಿದವರ ಹೆಸರು ಕೆಂಪಕ್ಷರದಾಗ ಬರಬೇಕು. ಆಗಂಗಿಲ್ಲಂದ್ರ ಬ್ಯಾರೆ ಸಾಲಿ ನೋಡ್ಕೋರಿ."

ಟೀಚರಿಗೆ ಆ ದಿನ ಊಟ ಸೇರಲಿಲ್ಲ. ಕೆಲಸ ಹೋದರೆ ಮನೆ ನಡೆಯದು. ಕೆಂಪಕ್ಷರ ಬಂದರೆ ಹಸೀನಾ ಮತ್ತೆ ಬಾಯಿ ಬಿಡಳು.

ಮರುದಿನ ಗೌಡರು ಬಂದಾಗ ಟೀಚರ್ ಕೈ ಮುಗಿದರು. "ನೀವು ಹೇಳಿದಂಗ ಮಾಡೇನ್ರೀ ಸರ್. ಮೊದಲನೇ ಉತ್ತರ ನಿಮ್ಮ ಕೈಯಿಂದನ ಆಗಲಿ."

ಬೋರ್ಡಿನ ಮೇಲೆ ಗೌಡರ ಹೆಸರು ದೊಡ್ಡದಾಗಿ ಬಂತು. ಅದರ ಕೆಳಗೆ ಭಿನ್ನರಾಶಿಯ ಲೆಕ್ಕ. ಗೌಡರು ಬೆರಳೆತ್ತಿದರು, ಇಳಿಸಿದರು. ಮಕ್ಕಳೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಗೌಡರು ಹಣೆ ಒರೆಸಿಕೊಂಡು ಪಿಸುಗುಟ್ಟಿದರು, "ತಪ್ಪಿದ್ರ ನನ್ನ ಹೆಸರೂ ಕೆಂಪಾಗತೈತೇನ್ರಿ?"

"ನಿಮ್ಮದ ಆರ್ಡರ್ ಐತಲ್ರೀ ಸರ್."

"ಮೊದಲಿದ್ದಂಗ ಮಾಡ್ರಿ. ಲಗೂ ಮಾಡ್ರಿ!"

ಟೀಚರ್ ಬೋರ್ಡನ್ನು ಮೊದಲಿನಂತೆ ಬದಲಾಯಿಸಿದರು. ಗೌಡರು ಒಂದು ಉತ್ತರ ಒತ್ತಿದರು, ತಪ್ಪಾಯಿತು. ಮತ್ತೆ ಒತ್ತಿದರು, ಅದೂ ತಪ್ಪು. ಆದರೆ ಹೆಸರಿನ ಮುಂದೆ ನಕ್ಷತ್ರ ಮೂಡಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ಬೋರ್ಡು ಬಂದ್ ಮಾಡಲು ಹೋದರೆ ಗೌಡರು ಕೈ ಅಡ್ಡ ಹಿಡಿದರು.

"ತಡೀರಿ, ಇನ್ನೊಂದ್ ಸಲ ನೋಡ್ತೀನಿ."